ಹನ್ನೆರಡನೆಯ ಸಾಲು

ಅವಳ ನಡಿಗೆ ಬದಲಾಗಿದೆ, ಹೌದು, ಹಿಂದಿನಿಂದ ನೋಡಿದರೆ ಗೊತ್ತಾಗುತ್ತದೆ, ಎಡಗಾಲು ಎಳೆಯುತ್ತಿದ್ದವಳು ಈಗ ಎರಡನ್ನೂ ಒಂದೇ ಸಮ ಇಡುತ್ತಾಳೆ, ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಹೊದಿಕೆ ಒಗೆದು ಬಂದವಳು, ಇಪ್ಪತ್ತಾರು ವರ್ಷ ನನ್ನ ಜೊತೆ ಬಾಳಿದ ಹೆಂಡತಿ, ಅರವತ್ತು ಹೆಜ್ಜೆ ಮುಂದೆ, ಪಕ್ಕದಲ್ಲಿ ಕನ್ನಡಕದ ಅಂಗಡಿಯವನು— ಅವನು ಏನೋ ಹೇಳಿದ, ಇವಳು ತಲೆ ಹಿಂದಕ್ಕೆ ಹಾಕಿ ನಕ್ಕಳು, ನನ್ನ ಮಾತಿಗೆ ಹಾಗೆ ನಕ್ಕು ಎಷ್ಟು ಕಾಲವಾಯಿತು, ನಾನು ಔಷಧಿ ಅಂಗಡಿಯ ಗಾಜಿಗೆ ಮೂಗು ಹಚ್ಚಿ ಕೆಮ್ಮಿನ ಸಿರಪ್ಪು ನೋಡುವವನಂತೆ ನಿಲ್ಲುತ್ತೇನೆ, ಐವತ್ತೆರಡರ ವಯಸ್ಸಿನಲ್ಲಿ ಕಳ್ಳಬೆಕ್ಕಿನ ಹಾಗೆ ಹೆಂಡತಿಯ ಹಿಂದೆ, ಥೂ. ಮೂರು ತಿಂಗಳಿಂದ ಪ್ರತಿ ಗುರುವಾರ, ಊಟ ಮುಗಿಸಿ ಕೂದಲು ಬಾಚಿ ಚಪ್ಪಲಿ ಮೆಟ್ಟುತ್ತಾಳೆ, ಎಲ್ಲಿಗೆ, ಕೋರ್ಟಿನ ಮೆಟ್ಟಿಲಿಗೆ, ನೀವೂ ಬನ್ನಿ, ನಂಗೇನು ತಲೆ ಕೆಟ್ಟಿದ್ಯಾ, ಅಲ್ಲಿ ನಿಂತು ಎತ್ಕೊಂಡು ಹೋದೋರ ಹೆಸರು ಓದಿದ್ರೆ ಏನಾಗುತ್ತೆ, ಏನಾಗುತ್ತೋ ನಂಗೊತ್ತಿಲ್ಲ ರೀ, ಬಂದ ದಿನ ನಿದ್ದೆ ಬರುತ್ತೆ. ನಿದ್ದೆ! ನಾನು ಸೂರಿನ ತೊಲೆ ಎಣಿಸುತ್ತಿರುತ್ತೇನೆ, ಪಕ್ಕದಲ್ಲಿ ಇವಳು ಗೊರಕೆ ಹೊಡೆಯುತ್ತಾಳೆ, ಊರಲ್ಲಿ ಯಾರನ್ನೂ ಯಾವ ಹೊತ್ತಿಗೂ ಎತ್ತಿಕೊಂಡು ಹೋಗಬಹುದಾದ ಈ ದಿನಗಳಲ್ಲಿ ಗೊರಕೆ.

ಅದು ನನ್ನದಾಗಿತ್ತು. ಆ ಎದೆಗಾರಿಕೆ, ಆ ಮೆಟ್ಟಿಲು ಕೂಡ, ಬಸ್ ಡಿಪೋದ ಸಂಘದ ಕಾರ್ಯದರ್ಶಿಯಾಗಿ ಅಲ್ಲಿ ಎಷ್ಟು ಸಲ ಗುಡುಗಿಲ್ಲ, ಇಂಜಿನ್ನುಗಳ ಸದ್ದಿನ ಮೇಲೂ ಕೇಳುವ ದನಿ, ಮೈಕಾಸುರ ಅಂತ ಹೆಸರಿಟ್ಟವನು ಬೋಲ್ಟು, ನನ್ನ ಪಕ್ಕದ ಫಿಟ್ಟರು, ನನ್ನ ಭಾಷಣಕ್ಕೆ ಮೊದಲ ಚಪ್ಪಾಳೆ ಅವನದು, ಇವಳು ಆಗ ಮನೆಯಲ್ಲಿ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು, ಭಾಷಣದಿಂದ ಹೊಟ್ಟೆ ತುಂಬ್ತೋ ಇಲ್ಲಾ ಅನ್ನ ಹಾಕ್ಲೋ. ಆಮೇಲೆ ಹೊಸ ಕಾನೂನು ಬಂತು, ಅದರ ವಿರುದ್ಧ ಕರಪತ್ರ ಬಂತು, ಬರೆದವನು ನಾನು, ಹಂಚಿದವನು ಬೋಲ್ಟು, ಹೋದವನು ಬೋಲ್ಟು, ಎಂಟು ತಿಂಗಳಾಯಿತು. ಮೂರು ತಿಂಗಳ ಹಿಂದೆ ಪೊಲೀಸರು ನನ್ನನ್ನೂ ಕರೆಸಿದ್ದರು, ಮೂರು ಗಂಟೆ, ಯಾರೂ ಕೈ ಎತ್ತಲಿಲ್ಲ, ಚಹಾ ಕೊಟ್ಟರು, ಮಕ್ಕಳೇನು ಓದ್ತಿದ್ದಾರೆ ಅಂತ ಮಗಳ ಕಾಲೇಜಿನ ಹೆಸರನ್ನು ತಾವೇ ಹೇಳಿದರು, ಒಂದು ಕಾಗದ ಸರಿಸಿದರು, ಇನ್ನು ಸಭೆಗಳಿಗೆ ಹೋಗುವುದಿಲ್ಲ, ಸಹಿ. ಇವಳಿಗೆ ಹೇಳಿದೆ, ಇವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಮುಂದಿನ ಗುರುವಾರ ಚಪ್ಪಲಿ ಮೆಟ್ಟಿ ಹೊರಟಳು ಅಷ್ಟೇ.

ಮೆಟ್ಟಿಲ ಮೇಲೆ ಹನ್ನೊಂದು ಜನ, ಎದುರಿಗೆ ಇಬ್ಬರು ಪೊಲೀಸರು, ಒಬ್ಬ ಮೊಬೈಲು ಎತ್ತಿ ಮುಖಗಳನ್ನು ಹಿಡಿಯುತ್ತಿದ್ದಾನೆ, ಇವಳು ಕಾಗದ ಬಿಡಿಸುತ್ತಾಳೆ, ಮೈಕಿಲ್ಲ, ದನಿ ಏರಿಸಲೂ ಬರುವುದಿಲ್ಲ, ನೆರೆಮನೆಯವಳಿಗೆ ವಿಷಯ ಹೇಳುವ ಹಾಗೆ ಓದುತ್ತಾಳೆ, ಹೆಸರು, ವಯಸ್ಸು, ಕೆಲಸ, ಕೊನೆಗೆ ನೋಡಿದವರು ಯಾರು, ಒಂದು ಕಡೆ ತಡವರಿಸಿ ತಪ್ಪಾಯ್ತು ಅಂದು ಮತ್ತೆ ಓದಿದಳು, ತರಕಾರಿ ಚೀಲ ಹಿಡಿದವಳೊಬ್ಬಳು ನಿಂತಳು, ಸೈಕಲ್ಲಿನವನು ಕಾಲೂರಿ ನಿಂತ, ನನ್ನ ಯಾವ ಭಾಷಣಕ್ಕೂ ದಾರಿಹೋಕರು ಹೀಗೆ ಉಸಿರು ಹಿಡಿದು ನಿಂತಿದ್ದಿಲ್ಲ, ಅದೂ ಸರಿ, ಇದರಿಂದ ಏನಾಗುತ್ತೆ ಎಂದು ಕೇಳಿದವನು ನಾನೇ, ಐದನೇ ವಾರಕ್ಕೆ ಒಳಗಿನಿಂದ ಒಬ್ಬ ಗುಮಾಸ್ತ ಬಂದು ಒಂಬತ್ತು ಜನ ಯಾವ ಜೈಲಿನಲ್ಲಿದ್ದಾರೆಂದು ಚೀಟಿ ಕೊಟ್ಟು ಹೋದನಂತೆ, ನಾನು ನಂಬಲಿಲ್ಲ, ನಂಬಲು ಮನಸ್ಸಾಗಲಿಲ್ಲ, ಇವಳ ಕೈಯಿಂದ ಆದದ್ದಲ್ಲವೇ. ಕನ್ನಡಕದವನ ಮೇಲೆ ಸಂಶಯವಾದರೂ ಇದ್ದಿದ್ದರೆ ಸಲೀಸಾಗುತ್ತಿತ್ತು, ಬೊಕ್ಕತಲೆ, ಅವನ ಹೆಂಡತಿ ಅಲ್ಲೇ ಎರಡನೇ ಸಾಲಿನಲ್ಲಿ ನಿಂತಿದ್ದಾಳೆ, ಅಯ್ಯೋ ನೋಡಿಬಿಟ್ಟ, ಕೈ ಬೀಸುತ್ತಿದ್ದಾನೆ, ಸೆಕ್ರೆಟರಿ ಸಾರ್, ಅಲ್ಯಾಕೆ ನಿಂತ್ರಿ, ಬನ್ನಿ ಬನ್ನಿ. ಇವಳು ತಿರುಗಿದಳು. ಕರೆಯಲಿಲ್ಲ. ಕರೆದಿದ್ದರೆ ಮನೆಗೆ ಓಡುತ್ತಿದ್ದೆ.

ರಸ್ತೆ ದಾಟಿದ್ದು ಹೇಗೆ, ಕಾಲಿಗೆ ಗೊತ್ತು. ಕಾಗದ ನನ್ನ ಕೈಯಲ್ಲಿದೆ, ಹನ್ನೆರಡನೆಯ ಸಾಲು ನೀವು ಓದಿ ಅಂದಳು, ಯಾರದೋ ಹೆಸರು, ವಯಸ್ಸು ನಲವತ್ತೇಳು, ಬಸ್ ಡಿಪೋ ಫಿಟ್ಟರ್— ಲೋ ಬೋಲ್ಟು, ಇದೇನೋ ನಿನ್ನ ಹೆಸರು, ಇಪ್ಪತ್ತು ವರ್ಷ ಒಂದೇ ಬುತ್ತಿಯಲ್ಲಿ ಉಂಡೆವು, ಒಂದು ಸಲವೂ ಈ ಹೆಸರಿನಿಂದ ಕರೆದಿಲ್ಲವಲ್ಲ, ಬಾಯಿ ತೆರೆದೆ, ಗಾಳಿ ಬಂತು, ಮೈಕಾಸುರನ ದನಿ ಬರಲಿಲ್ಲ, ಮೊಬೈಲು ನನ್ನತ್ತ ತಿರುಗಿತು, ಸಹಿ, ಮಗಳ ಕಾಲೇಜು, ಸಹಿ, ಇವಳು ಕಿವಿಯ ಹತ್ತಿರ, ನಿಧಾನಕ್ಕೆ ಓದಿ ರೀ, ನಂಗೂ ಮೊದಲನೇ ದಿನ ಹೀಗೇ ಆಗಿತ್ತು, ಇಲ್ಲೇ ಕೂತ್ಬಿಟ್ಟಿದ್ದೆ. ಹಾಗಾದರೆ ಇವಳಿಗೂ ಒಂದು ಮೊದಲನೇ ದಿನವಿತ್ತು, ಆ ದಿನ ಎಬ್ಬಿಸಿದವರು ಯಾರು, ನಾನಲ್ಲ, ಈ ಹೊತ್ತಿನಲ್ಲೂ ಹೊಟ್ಟೆ ಉರಿಯುತ್ತದೆ, ನಾಚಿಕೆಗೆಟ್ಟ ಹೊಟ್ಟೆ, ಅಷ್ಟರಲ್ಲಿ ಅವಳ ಬೆರಳು ಕಾಗದದ ಮೇಲೆ ಬಂತು, ಬ್ಲೀಚಿಂಗ್ ನೀರಿಗೆ ಬಿಳಿಚಿ ಸುಕ್ಕಾದ ಬೆರಳು, ಮಗುವಿಗೆ ಓದಿಸುವವಳಂತೆ ಮೊದಲ ಅಕ್ಷರದ ಕೆಳಗೆ ನಿಂತಿತು, ಅಲ್ಲಾಡುತ್ತಿದೆ, ಅವಳಿಗೂ ಹೆದರಿಕೆಯಿದೆ, ಇವತ್ತೂ ಇದೆ, ನಾನು ಆ ಅಕ್ಷರವನ್ನು ಹೇಳುತ್ತೇನೆ, ಬೆರಳು ಎರಡನೆಯದರ ಕೆಳಗೆ ಸರಿಯುತ್ತದೆ, ಹೇಳುತ್ತೇನೆ, ಸರಿಯುತ್ತದೆ, ಉಗುರಿನ ಸೀಳು, ಮೂರನೆಯದು, ಬೆರಳು—