ಇಸೊ ಅತ್ತಿಗೆಯ ಕೂದಲು

ನಮ್ಮ ಬಂದರಿನಲ್ಲಿ ಹೊಸ ದೋಣಿ ಕಟ್ಟಿದರೆ ಬಡಗಿಯು ಹಾಯಿಕಂಬದ ಬುಡದಲ್ಲಿ ಗೂಡು ಕೊರೆದು, ಯಜಮಾನನ ಹೆಂಡತಿಯ ಕೂದಲನ್ನು ಅದರಲ್ಲಿಟ್ಟು ಮುಚ್ಚುತ್ತಾನೆ. ಅದೇ ದೋಣಿಯ ಜೀವ. ಅದಿಲ್ಲದ ದೋಣಿಗೆ ನಮ್ಮ ಗಂಡಸರು ಕಾಲಿಡುವುದಿಲ್ಲ. ನನ್ನ ಅಣ್ಣ ಯಾಸುಕಿಚಿಯ ಟ್ಯೂನಾ ಮೀನು ಹಿಡಿಯುವ ದೋಣಿಯಲ್ಲಿದ್ದದ್ದು ಅವನ ಹೆಂಡತಿ ಇಸೊ ಅತ್ತಿಗೆಯ ಕೂದಲು.

ಯುದ್ಧ ಬಂದಾಗ ನೌಕಾಪಡೆಯವರು ಆ ದೋಣಿಯನ್ನೂ ಅಣ್ಣನನ್ನೂ ಆಳುಗಳನ್ನೂ ಒಟ್ಟಿಗೇ ಎತ್ತಿಕೊಂಡರು. ಬೂದು ಬಣ್ಣ ಬಳಿದು, ಒಂದು ವೈರ್‌ಲೆಸ್ ಕೂರಿಸಿ, ಪೂರ್ವದ ನಡುಗಡಲಿಗೆ ಕಾವಲಿಗೆ ಅಟ್ಟಿದರು. ಅಮೆರಿಕದ ಹಡಗು ಕಂಡರೆ ಸುದ್ದಿ ಕೊಡಬೇಕು. ಕೊಟ್ಟ ಮೇಲೆ ದೋಣಿಯವರ ಗತಿ ಏನು ಎಂದು ಯಾರೂ ಹೇಳಲಿಲ್ಲ. ಮರದ ದೋಣಿ ಯುದ್ಧನೌಕೆಯನ್ನು ನೋಡಬಲ್ಲದು ಎಂದರೆ ಯುದ್ಧನೌಕೆಯೂ ಅದನ್ನು ನೋಡುತ್ತದೆ. ಇಷ್ಟು ತಿಳಿಯಲು ಅಧಿಕಾರಿಯ ದೊಡ್ಡ ಟೋಪಿ ಬೇಕೆ?

ಮೊದಮೊದಲು ರೇಡಿಯೊ ತುಂಬ ಬರೀ ಗೆಲುವು. ನಾವೂ ಬಾವುಟ ಬೀಸಿದೆವು, ನೆನೆದರೆ ಮೈ ಉರಿಯುತ್ತದೆ. ಆಮೇಲೆ ಕಾದಾಟ ನಡೆಯುವ ದ್ವೀಪಗಳು ಒಂದೊಂದಾಗಿ ನಮ್ಮ ಕಡೆಗೇ ಬರತೊಡಗಿದವು. ಕಾವಲಿಗೆ ಹೋದ ಅಕ್ಕಪಕ್ಕದ ದೋಣಿಗಳು ತಿರುಗಿ ಬರಲಿಲ್ಲ. ಅಣ್ಣನ ದೋಣಿ ರಿಪೇರಿಗೆ ಬಂದು ಮತ್ತೆ ಹೊರಡುವ ಬೆಳಿಗ್ಗೆ, ಗಂಜಿ ಬಡಿಸುತ್ತಾ ಅತ್ತಿಗೆ ಬಾಂಬಿನಂಥ ಸುದ್ದಿ ಹೇಳಿದಳು.

"ಬಡಗಿ ಗೆನ್ಪಾಚಿ ಕೈಲಿ ಕೂದಲು ತೆಗೆಸಿದೀನಿ. ಅದೀಗ ಬರೀ ಹಲಗೆ. ನೀವು ಹತ್ಬೇಡಿ. ಆಳುಗಳಿಗೂ ಹೇಳಿ, ಅವರೂ ಹತ್ತಲ್ಲ."

ಅಣ್ಣ ಬಟ್ಟಲು ಕೆಳಗಿಟ್ಟ. "ಯಾರ್ಯಾರಿಗೆ ಗೊತ್ತು?"

"ಗೆನ್ಪಾಚಿಗೆ. ಈಗ ನಿಮ್ಮ ತಂಗಿಗೆ."

"ಇಲ್ಲಿಗೇ ನಿಲ್ಲಲಿ. ಹತ್ತಲ್ಲ ಅಂದ್ರೆ ಮಿಲಿಟರಿ ಪೊಲೀಸರು ಬಿಡ್ತಾರಾ? ಹೆಂಗೂ ಹೋಗೋರು, ನೆಮ್ಮದಿಯಾಗಾದ್ರೂ ಹೋಗ್ಲಿ."

ಅತ್ತಿಗೆ ಸೌಟು ಕೆಳಗಿಟ್ಟು ಎದ್ದಳು. "ಹಂಗಾದ್ರೆ ಈಗ್ಲೇ ವಾಪಸ್ ಇಡಿಸ್ತೀನಿ!"

"ತೆಗೆದ ಜೀವ ಮತ್ತೆ ಕೂರಲ್ಲ ಕಣೇ. ನಿಂಗೇ ಗೊತ್ತಲ್ಲ." ಅಣ್ಣ ಬಟ್ಟಲು ಮುಂದೆ ಚಾಚಿದ. "ಇನ್ನೊಂಚೂರು ಹಾಕು."

ಅವನನ್ನು ಉಳಿಸಿಕೊಳ್ಳಲು ಮಾಡಿದ್ದು ಅವನ ಎದೆಯ ಧೈರ್ಯವನ್ನಷ್ಟೇ ಕಿತ್ತುಕೊಂಡಿತ್ತು. ಹಡಗುಕಟ್ಟೆಯಲ್ಲಿ ಅತ್ತಿಗೆ ಬಿಕ್ಕುತ್ತಿದ್ದರೆ ಇಂಜಿನ್ ನೋಡಿಕೊಳ್ಳುವ ತೊಕುಜಿ ದೋಣಿಯಿಂದಲೇ ರೇಗಿಸಿದ: "ಅಳೋದ್ಯಾಕಕ್ಕಾ? ನೀವೂ ನಮ್ಜೊತೇಲೇ ಇದೀರಲ್ಲ!" ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ದೋಣಿ ಮತ್ತೆ ಬರಲಿಲ್ಲ.

ಯುದ್ಧ ಸೋತು ಮುಗಿದ ಮೇಲೆ ಒಂದು ಮಧ್ಯಾಹ್ನ ಸುಗಿಮುರಾ ಎಂಬಾತ ಬಂದ. ಅದೇ ದೋಣಿಯಲ್ಲಿ ವೈರ್‌ಲೆಸ್ ನೋಡಿಕೊಳ್ಳಲು ನೌಕಾಪಡೆ ಹಾಕಿದ್ದ ಒಸಾಕಾದವನು. ಅಮೆರಿಕದವರ ಸೆರೆಯಿಂದ ಬಿಡುಗಡೆಯಾಗಿ ಬಂದಿದ್ದ. ಸುದ್ದಿ ತಿಳಿದು ಆಳುಗಳ ಹೆಂಡಂದಿರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ತೊಕುಜಿಯ ಹೆಂಡತಿ ಶಿಗೆ ಎಂಬವಳು ಇಸೊ ಅತ್ತಿಗೆಯ ಕೈ ಹಿಡಿದೇ ಕುಳಿತಿದ್ದಳು.

"ಹಡಗು ಕಾಣಿಸ್ತು, ಸುದ್ದಿ ಕಳಿಸಿದೆ," ಎಂದ ಸುಗಿಮುರಾ. "ಅಷ್ಟರಲ್ಲಿ ಗುಂಡು ಬಿದ್ದು ದೋಣಿ ಹತ್ಕೊಂಡು ಉರೀತು. ನೀರಿಗೆ ಹಾರೋಣ ಅಂದೆ. ಒಬ್ರೂ ಕದಲಲಿಲ್ಲ. 'ಯಜಮಾನರ ಹೆಂಡ್ತಿ ಕೂದಲಿರೋ ದೋಣಿ, ಮುಳುಗಲ್ಲ' ಅಂತ ಬಕೆಟ್ ಹಿಡ್ದು ಬೆಂಕಿ ಆರಿಸ್ತಾ ನಿಂತ್ರು. ನಾನು ಪೇಟೆಯವನು, ನಂಗೆ ಅದೆಲ್ಲ ತಿಳೀದು. ಹಾರಿದೆ. ಅಮೆರಿಕದವರು ಎತ್ಕೊಂಡ್ರು."

"ನಮ್ಮನೆಯವರು?" ಎಂದಳು ಅತ್ತಿಗೆ.

ಸುಗಿಮುರಾ ತಲೆ ತಗ್ಗಿಸಿದ. "ಹೇಳ್ಬಾರ್ದು, ಕೊನೇಲಿ ಅವರಿಗೆ ಬುದ್ಧಿ ಕೆಟ್ಟಿತ್ತಮ್ಮ. 'ಕೂದಲಿಲ್ಲ ಕಣ್ರೋ, ಹಾರ್ರೋ!' ಅಂತ ಒಬ್ಬೊಬ್ಬರ ರಟ್ಟೆ ಹಿಡ್ದು ಎಳೀತಿದ್ರು. ಯಾರೂ ನಂಬಲಿಲ್ಲ. ಪಾಪ, ಯಜಮಾನರಿಗೆ ಹೊಗೆ ತಲೆಗೇರಿದೆ ಅಂತ ತೊಕುಜಿ ಅವರನ್ನ ಕೂರಿಸಿ ಸಮಾಧಾನ ಮಾಡ್ತಿದ್ದ."

ಶಿಗೆ ಬಿಕ್ಕಿ ಬಿಕ್ಕಿ ಅತ್ತಳು. "ನಮ್ಮೋರು ಹಂಗೇನೇ. ಯಾರನ್ನಾದ್ರೂ ಸಮಾಧಾನ ಮಾಡೋದಂದ್ರೆ ಅವರಿಗೆ..."

ಸುಮ್ಮನಿರು ಎಂದು ನಾನು ಅತ್ತಿಗೆಗೆ ಕಣ್ಣಲ್ಲೇ ಬೇಡಿದೆ. ಇನ್ನು ಹೇಳಿ ಯಾರನ್ನು ಬದುಕಿಸಬೇಕಿತ್ತು? ಅವಳು ಶಿಗೆಯ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಚಾಪೆಗೆ ಹಣೆ ತಾಗುವಂತೆ ಆ ಹೆಂಗಸರೆಲ್ಲರ ಮುಂದೆ ಬಾಗಿದಳು.

"ಅವರಿಗೆ ಬುದ್ಧಿ ಕೆಟ್ಟಿರಲಿಲ್ಲ," ಎಂದಳು.