ಭಾನುವಾರದ ಅಳು

ತನ್ನ ಬೀಳ್ಕೊಡುಗೆಯ ಊಟಕ್ಕೆ ತಾನೇ ಬೆಳಗ್ಗೆ ಐದಕ್ಕೆದ್ದು ಅನ್ನ ಕಲಸಿ ಡಬ್ಬಿ ಕಟ್ಟಿಕೊಂಡು ಹೋದವಳು ಈ ಭೂಮಿಯ ಮೇಲೆ ಬಾಬಿನ್ ಒಬ್ಬಳೇ ಇರಬೇಕು. ಕೆರೆಯ ದಂಡೆಯಲ್ಲಿ ಜಮಖಾನ ಹಾಸಿ, ಎಲ್ಲರ ತಟ್ಟೆಗೂ ಬಡಿಸಿ, ಇನ್ನೇನು ತಾನೂ ಕೂರಬೇಕು ಎನ್ನುವಾಗ ಗೆಳೆಯರು ಒಂದು ಕೇಕನ್ನು ತಂದು ಮುಂದಿಟ್ಟರು. ಅದರ ಮೇಲೆ ಕೆಂಪು ಕ್ರೀಮಿನಲ್ಲಿ, ಅಚ್ಚ ಕನ್ನಡದಲ್ಲಿ, ‘ಬಾಬಿನ್, ಹೋಗಿ ಬಾ’ ಎಂದು ಬರೆದಿತ್ತು.

ಅವಳು ನಕ್ಕು, ಎಲ್ಲಿಗೆ ಎಂದು ಕೇಳಿದಳು. ಯಾರೂ ನಗಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಡಾಕ್ಟರಮ್ಮ ದುಪಟ್ಟಾದಿಂದ ಮೂಗು ಒರೆಸಿಕೊಂಡಳು. ಕಂಡಕಂಡವರಿಗೆಲ್ಲ ಪುಕ್ಕಟೆ ಮದ್ದು ಹೇಳುತ್ತಿದ್ದುದರಿಂದ ಅವಳಿಗೆ ಆ ಹೆಸರು ಬಿದ್ದಿತ್ತು. ಆಂಬುಲೆನ್ಸ್ ಓಡಿಸುವ ಸ್ಟೇರಿಂಗ್, ನಿದ್ದೆಯಲ್ಲೂ ಬಾಯಿ ಮುಚ್ಚದ ಆಸಾಮಿ, ತಲೆ ತಗ್ಗಿಸಿ ಹುಲ್ಲು ಕೀಳುತ್ತಿದ್ದ. ಎಂದೂ ಇವರ ಜೊತೆ ತಿರುಗಾಟಕ್ಕೆ ಬಾರದ ಹೊಲಿಗೆ ಕೋಣೆಯ ಮೇಲ್ವಿಚಾರಕಿ ಅಂದು ಬಂದಿದ್ದಳು. ಆಕೆ ಎದ್ದು ಬಂದು ಬಾಬಿನ್‌ಳನ್ನು ತಬ್ಬಿಕೊಂಡು, ತನ್ನ ಭಾಷೆಯಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು: ತಿಂಗಳ ಕೊನೆಗೆ ನಿನ್ನನ್ನು ಮನೆಗೆ ಕಳಿಸಿಕೊಡುತ್ತಿದ್ದೇವೆ, ನಿನ್ನ ಅಕ್ಕ ಎಲ್ಲವನ್ನೂ ಬರೆದು ತಿಳಿಸಿದ್ದಾಳೆ, ಇನ್ನು ನೀನು ಅಳಬೇಕಾಗಿಲ್ಲ.

ಬಾಬಿನ್ ಸೌಟು ಹಿಡಿದುಕೊಂಡೇ ಜಮಖಾನದ ಮೇಲೆ ಕುಸಿದಳು. ಕೂತಿದ್ದು ಮೊಸರಿನ ಡಬ್ಬಿಯ ಮೇಲೆ ಎನ್ನುವುದೂ ಅವಳಿಗೆ ತಿಳಿಯಲಿಲ್ಲ.

ಅವಳು ಆ ಪರದೇಶದ ಊರಿಗೆ ಬಂದು ಮೂರು ವರ್ಷವಾಗಿತ್ತು. ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹರಿದ ಹಾಸುಬಟ್ಟೆಗೆ ತೇಪೆ, ರೋಗಿಗಳ ಅಂಗಿಗೆ ದಾರ, ಪರದೆಗೆ ಅಂಚು, ಇದು ಕೆಲಸ. ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್‌ಗಳು. ಒಂದು ಅವಳದು; ಇನ್ನೊಂದು ಮುಸುಕು ಹೊದ್ದು ಮೂಲೆಯಲ್ಲಿತ್ತು, ಅದರ ಮೇಲೆ ಅವಳು ತನ್ನ ಊಟದ ಡಬ್ಬಿ ಇಡುತ್ತಿದ್ದಳು. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಹರಿದದ್ದನ್ನು ಹರಿದದ್ದೇ ಗೊತ್ತಾಗದ ಹಾಗೆ ಕೂಡಿಸುವುದರಲ್ಲಿ ಅವಳಿಗಿದ್ದ ಖುಷಿ ಕಂಡು ಮೇಲ್ವಿಚಾರಕಿ ಬೇರೆ ವಿಭಾಗದವರನ್ನು ಕರೆದು ತೋರಿಸುತ್ತಿದ್ದಳು. ಇನ್ನು ಶನಿವಾರ, ಭಾನುವಾರ ಬಂತೆಂದರೆ ಕಾಲಿಗೆ ಚಕ್ರ. ಗುಡ್ಡ, ಕೆರೆ, ಹಳೇ ಸಾಮಾನಿನ ಸಂತೆ, ರೈಲಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ ಸುಮ್ಮನೆ ಚಹಾ ಕುಡಿದು ಬರುವುದು. ಅವಳು ಹೀಗೆ ಗರಗರ ತಿರುಗುವುದು ನೋಡಿಯೇ ಸ್ಟೇರಿಂಗ್ ಅವಳಿಗೆ ಹೊಲಿಗೆ ಮಿಷನ್ನಿನೊಳಗೆ ಸುತ್ತುವ ದಾರದ ಉರುಳೆಯ ಹೆಸರನ್ನೇ, ಬಾಬಿನ್ ಎಂದು, ಇಟ್ಟಿದ್ದ. ಹುಟ್ಟಿದಾಗ ಇಟ್ಟ ಹೆಸರಿಗಿಂತ ಅದೇ ಅವಳಿಗೆ ಹೆಚ್ಚು ಒಪ್ಪಿತ್ತು.

ಈ ಖುಷಿಯ ಒಂದಕ್ಷರವೂ ಅಕ್ಕನಿಗೆ ಗೊತ್ತಿರಲಿಲ್ಲ.

ಅವಳಿಗೆ ಹಿಂದೆ ಮುಂದೆ ಇದ್ದದ್ದು ಅಕ್ಕ ಒಬ್ಬಳೇ. ಸೂಜಿಗೆ ದಾರ ಪೋಣಿಸಲು ಕಲಿಸಿದವಳೂ ಅಕ್ಕನೇ. ಈ ಆಸ್ಪತ್ರೆಯ ಕೆಲಸಕ್ಕೆ ಇಬ್ಬರೂ ಪರೀಕ್ಷೆ ಕೊಟ್ಟಿದ್ದರು, ಇಬ್ಬರೂ ಆಯ್ಕೆಯಾಗಿದ್ದರು. ನಿಜ ಹೇಳಬೇಕೆಂದರೆ ಅಕ್ಕನ ಹೊಲಿಗೆಯೇ ಒಂದು ಕೈ ಮೇಲು. ಆದರೆ ಮಗಳ ಓದು ಮುಗಿಯಲಿ ಎಂದು ಭಾವ ಅಡ್ಡಗಾಲು ಹಾಕಿದರು. ಅಕ್ಕ ಮಾತಾಡದೆ ಪಾಸ್‌ಪೋರ್ಟನ್ನು ಬೀರುವಿನೊಳಗಿಟ್ಟು ತಂಗಿಯ ಪೆಟ್ಟಿಗೆ ಕಟ್ಟಿಕೊಟ್ಟಳು.

ಮೊದಲ ತಿಂಗಳು ಬಾಬಿನ್ ನಿಜವಾಗಿಯೂ ಅತ್ತಿದ್ದಳು. ಎರಡನೇ ತಿಂಗಳಿಂದ ಅಳು ನಿಂತಿತು, ಹೇಳಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ಹೋಗಲಾಗದೆ ಉಳಿದ ಅಕ್ಕನ ಮುಂದೆ ಕೆರೆ, ಗುಡ್ಡ, ಗೆಳೆಯರು ಎಂದು ಯಾವ ಬಾಯಿಂದ ಹೇಳುವುದು? ಹಾಗಾಗಿ ಪ್ರತಿ ಭಾನುವಾರ ಸಂಜೆ, ತಿರುಗಾಟ ಮುಗಿಸಿ ಬಂದವಳೇ ತುಟಿಯ ಬಣ್ಣ ಒರೆಸಿ, ಮಾಸಿದ ನೈಟಿ ತೊಟ್ಟು, ಬೋಳು ಗೋಡೆಗೆ ಬೆನ್ನು ಕೊಟ್ಟು ಫೋನು ಮಾಡುತ್ತಿದ್ದಳು. ಕೆಲಸ ಹೆಣಭಾರ, ಮಾತಾಡಿಸುವವರೇ ಇಲ್ಲ ಎಂದು ರಾಗ ಎಳೆಯುತ್ತಿದ್ದಳು. ಫೋನಿಟ್ಟ ಮೇಲೆ ಮುಂದಿನ ವಾರ ಎಲ್ಲಿಗೆ ಎಂದು ಡಾಕ್ಟರಮ್ಮನಿಗೆ ಸಂದೇಶ ಕಳಿಸುತ್ತಿದ್ದಳು. ಅಕ್ಕನ ಹೊಟ್ಟೆ ತಣ್ಣಗಿರಲಿ ಎಂದು ಹೂಡಿದ ಆಟ ಅದು.

ಆ ಆಟ ಈಗ ಕೇಕಿನ ಮೇಲೆ ಬಂದು ಕೂತಿತ್ತು. ಅಕ್ಕ ಬರೆಸಿದ ಕಾಗದವನ್ನು ಮೇಲ್ವಿಚಾರಕಿ ಫೋನಿನಲ್ಲಿ ತೋರಿಸಿದಳು. ಓದು ಮುಗಿಸಿದ ಮಗಳ ಕೈಯಲ್ಲಿ ಅಕ್ಕ ಮೇಲ್ವಿಚಾರಕಿಯ ಭಾಷೆಯಲ್ಲೇ ಚೊಕ್ಕವಾಗಿ ಬರೆಸಿದ್ದಳು: ನನ್ನ ತಂಗಿ ಅಲ್ಲಿ ನವೆಯುತ್ತಿದ್ದಾಳೆ, ಅವಳನ್ನು ಬಿಡುಗಡೆ ಮಾಡಿ. ಸ್ವಾಭಿಮಾನಿ ಹುಡುಗಿ, ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತಾಳೆ, ದಯವಿಟ್ಟು ನಂಬಬೇಡಿ. ಮೊದಲೇ ಹೇಳಬೇಡಿ, ನಮಗೆ ಭಾರವಾಗುತ್ತೇನೆಂದು ಬೇಡವೆನ್ನುತ್ತಾಳೆ.

ಹೋದ ವಾರವೆಲ್ಲ ಮೇಲ್ವಿಚಾರಕಿ ಮೂರು ಸಲ ಬಂದು, ನಿಜ ಹೇಳು, ಹೇಗಿದ್ದೀಯ ಎಂದು ಕೇಳಿದ್ದಳು. ಮೂರು ಸಲವೂ ಬಾಬಿನ್, ತುಂಬಾ ಖುಷಿಯಾಗಿದ್ದೇನೆ ಎಂದು ಹಲ್ಲು ಕಿರಿದಿದ್ದಳು. ಆಕೆಯ ಕಣ್ಣು ಏಕೆ ಒದ್ದೆಯಾಗಿತ್ತು ಎಂಬುದು ಈಗ ಹೊಳೆಯಿತು. ಶುಕ್ರವಾರ ಬಾಬಿನ್ ಒಂದು ಹಾಳೆಗೆ ಸಹಿಯನ್ನೂ ಹಾಕಿದ್ದಳು. ವರ್ಷಕ್ಕೊಮ್ಮೆ ಕೆಲಸ ಮುಂದುವರಿಸುವ ಹಾಳೆ ಬರುವ ಕಾಲ ಅದು. ಬೆರಳು ತೋರಿಸಿದ ಕಡೆ ಗೀಚುವುದು ಅವಳ ಅಭ್ಯಾಸ. ಅದು ಬಿಡುಗಡೆಯ ಹಾಳೆಯಾಗಿತ್ತು.

“ಸುಳ್ಳು, ಎಲ್ಲಾ ಸುಳ್ಳು. ನಾನಿಲ್ಲಿ ಚೆನ್ನಾಗಿದ್ದೀನಿ,” ಎಂದಳು ಬಾಬಿನ್, ಎರಡು ಭಾಷೆಯಲ್ಲೂ. ಮೇಲ್ವಿಚಾರಕಿ ಅಯ್ಯೋ ಪಾಪ ಎನ್ನುವಂತೆ ಅವಳ ತಲೆ ಸವರಿದಳು. ಕಾಗದದಲ್ಲಿ ಹೀಗೇ ಬರೆದಿತ್ತಲ್ಲ.

ಅದಕ್ಕಿಂತ ಜೋರಾದ ಏಟು ಸ್ಟೇರಿಂಗ್‌ನಿಂದ ಬಿತ್ತು. ಅವನು ತಲೆಯೆತ್ತಿ, “ಮೂರು ವರ್ಷ ನಮ್ ಜೊತೆ ನಕ್ಕಿದ್ದೆಲ್ಲ ನಾಟಕನಾ ಹಾಗಾದ್ರೆ?” ಎಂದು ಕೇಳಿದ. ಡಾಕ್ಟರಮ್ಮ ಮುಖ ತಿರುಗಿಸಿಕೊಂಡಳು. ಅತ್ತದ್ದು ನಾಟಕ, ನಕ್ಕದ್ದು ನಿಜ ಎಂದು ಹೇಳಲು ಬಾಬಿನ್ ಬಾಯಿ ತೆರೆದಳು, ಅದನ್ನೂ ನಾಟಕವೆಂದಾರು ಎಂದು ಮುಚ್ಚಿದಳು. ತನ್ನನ್ನು ತಾನೇ ಬೈದುಕೊಂಡಳು.

ಕೊನೆಗೆ ಮೇಲ್ವಿಚಾರಕಿ ಒಂದು ದಾರಿ ಬಿಟ್ಟಳು. ಹಾಳೆ ಇನ್ನೂ ನನ್ನ ಮೇಜಿನಲ್ಲೇ ಇದೆ, ನಾಳೆ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಮೇಲಿನ ಕಚೇರಿಗೆ ಹೋಗುತ್ತದೆ. ಬರೆದ ಅಕ್ಕನೇ ಅದು ತಪ್ಪೆಂದು ನನಗೆ ಹೇಳಿದರೆ ಹರಿದುಹಾಕುತ್ತೇನೆ. ನಿನ್ನ ಮಾತನ್ನಂತೂ ನಂಬಲಾರೆ.

ಬಾಬಿನ್ ಅಲ್ಲೇ ಫೋನು ಮಾಡಿದಳು. ನೈಟಿ ಇಲ್ಲ, ಬೋಳು ಗೋಡೆ ಇಲ್ಲ. ಹಳದಿ ಫ್ರಾಕು, ತುಟಿಗೆ ಬಣ್ಣ, ತಲೆಗೆ ಅಗಲ ಟೋಪಿ, ಬೆನ್ನ ಹಿಂದೆ ಕೆರೆ, ಕೆರೆಯಲ್ಲಿ ದೋಣಿಗಳು. ಅಕ್ಕ ಪರದೆಯನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

“ಯಾರ ಮದುವೆನೇ?”

“ಮದುವೆ ಅಲ್ಲ ಅಕ್ಕ. ಪ್ರತಿ ಭಾನುವಾರನೂ ಹೀಗೇನೇ. ನಾನಿಲ್ಲಿ ಬಹಳ ಚೆನ್ನಾಗಿದ್ದೀನಿ. ಅತ್ತಿದ್ದೆಲ್ಲ ಸುಳ್ಳು.”

ಅಕ್ಕನ ಮುಖದಿಂದ ರಕ್ತ ಇಳಿದುಹೋದದ್ದು ಅಷ್ಟು ದೂರದಿಂದಲೂ ಕಂಡಿತು. ಎಷ್ಟು ದಿನದಿಂದ ಎಂದು ಕೇಳಿದಳು. ಎರಡನೇ ತಿಂಗಳಿಂದ ಎಂದಳು ಬಾಬಿನ್. ನಿನಗೆ ಹೊಟ್ಟೆ ಉರಿಯಬಾರದು ಅಂತ ಎಂದು ಸೇರಿಸಲು ಹೋಗಿ ನಾಲಿಗೆ ಕಚ್ಚಿಕೊಂಡಳು.

“ನೀನು ಅತ್ತ ಪ್ರತಿ ಭಾನುವಾರ ನಾನು ಏನ್ ಮಾಡ್ತಿದ್ದೆ ಗೊತ್ತಾ?” ಎಂದಳು ಅಕ್ಕ. “ಸದ್ಯ, ನಾನು ಹೋಗ್ಲಿಲ್ಲ ಅಂದ್ಕೊಂಡು ನೆಮ್ಮದಿಯಾಗಿ ಮಲಗ್ತಿದ್ದೆ. ಆಮೇಲೆ ನಾಚಿಕೆ ಆಗೋದು. ಅದಕ್ಕೇ ನಿನ್ನ ಕರೆಸ್ಕೊಳ್ಳೋಣ ಅಂತ ಬರೆಸ್ದೆ. ಈಗ ಹೇಳು, ನಾನಿನ್ನು ಏನ್ ಅಂದ್ಕೊಂಡು ಮಲಗ್ಲಿ?”

ಅಕ್ಕ ಮಗಳನ್ನು ಕರೆದಳು. ಮಗಳು ಫೋನಿಗೆ ಬಂದು, ಅಮ್ಮ ಬರೆಸಿದ್ದು ತಪ್ಪು, ಚಿಕ್ಕಮ್ಮ ಅಲ್ಲೇ ಇರಲಿ ಎಂದು ಮೇಲ್ವಿಚಾರಕಿಗೆ ಅವಳ ಭಾಷೆಯಲ್ಲೇ ವಿವರಿಸಿದಳು. ಮೇಲ್ವಿಚಾರಕಿ ಬಾಬಿನ್‌ಳನ್ನು ಮೊದಲ ಸಲ ನೋಡುವಂತೆ ನೋಡಿ, ಆಗಲಿ ಎಂದಳು. ಡಾಕ್ಟರಮ್ಮ ಉಸಿರು ಬಿಟ್ಟಳು. ಸ್ಟೇರಿಂಗ್ ಚಾಕುವಿನಿಂದ ‘ಹೋಗಿ’ ಎನ್ನುವಷ್ಟನ್ನು ಕೇಕಿನಿಂದ ಕೆರೆದು ಬಾಯಿಗೆ ಹಾಕಿಕೊಂಡ.

ಫೋನಿಡುವ ಮೊದಲು ಅಕ್ಕ ಮತ್ತೆ ಪರದೆಗೆ ಬಂದಳು.

“ಮೊದಲ ವಾರ ಹೇಳಿದ್ದೆ ನೀನು, ಕೋಣೆಯಲ್ಲಿ ಇನ್ನೊಂದು ಮಿಷನ್ ಇದೆ ಅಂತ. ಅದರ ಮುಂದೆ ಯಾರಾದ್ರೂ ಕೂತ್ರಾ?”

ಬಾಬಿನ್‌ಳಿಗೆ ಮೊದಲು ಅನ್ನಿಸಿದ್ದು ಸಂತೋಷವಲ್ಲ. ಅದನ್ನು ಅವಳು ಆಮೇಲೂ ಯಾರಿಗೂ ಹೇಳಲಿಲ್ಲ. ತನ್ನ ಕೋಣೆ, ತನ್ನ ಗೆಳೆಯರು, ತನ್ನ ಭಾನುವಾರ, ಎಲ್ಲಕ್ಕೂ ತನಗಿಂತ ಒಂದು ಕೈ ಮೇಲಾದವಳು ಬಂದು ಕೂರುತ್ತಾಳೆ. ಯಾವಾಗಲೋ ಭರ್ತಿಯಾಯಿತು ಎನ್ನುವ ಸುಳ್ಳು, ಮೂರು ವರ್ಷದ ಪಳಗಿದ ಸುಳ್ಳು, ನಾಲಿಗೆಯ ತುದಿಗೆ ಬಂದು ನಿಂತಿತು.

“ಇಲ್ಲ ಅಕ್ಕ,” ಎಂದಳು. “ಮುಸುಕು ಹಾಕೇ ಇದೆ.”

ಆ ಕಡೆ ಭಾವ ಕೆಮ್ಮಿದ್ದು ಕೇಳಿಸಿತು. ಅಕ್ಕ ಅತ್ತ ನೋಡಲೂ ಇಲ್ಲ. ಮಗಳ ಕಡೆ ತಿರುಗಿ, ಬೀರುವಿನ ಮೇಲಿನ ಖಾನೆಯಿಂದ ಪಾಸ್‌ಪೋರ್ಟು ತೆಗಿ ಎಂದಳು.