ಸಾಯಲೊಲ್ಲದ ಕೋಶಗಳು

ಎಂಟನೆಯ ಸಲವೂ ಕೋಶಗಳು ಸಾಯಲಿಲ್ಲ.

ಓಲ್ಫಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದಳು. ಔಷಧ ಹಾಕಿ ಎರಡು ದಿನವಾಗಿತ್ತು. ಇಷ್ಟು ಹೊತ್ತಿಗೆ ಆ ಕ್ಯಾನ್ಸರ್ ಕೋಶಗಳು ಮುದುರಿ, ಚೂರುಚೂರಾಗಿ ತೇಲಬೇಕಿತ್ತು. ಅವೋ, ತಳಕ್ಕೆ ಅಂಟಿಕೊಂಡು ಹಾಯಾಗಿ ಹರಡಿಕೊಂಡಿದ್ದವು.

"ಏನಂತಾರೆ ನಿನ್ನ ನೆಂಟರು?" ಎಂದಳು ಮಬ್ರೂಕಾ. ಸ್ಫಾಕ್ಸ್ ನಗರದ ಆ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ತಂತ್ರಜ್ಞೆಯಾಗಿದ್ದವಳು.

"ಬೇರು ಬಿಟ್ಟಿದಾರೆ ಚಿಕ್ಕಮ್ಮ. ನಾನೇ ಮನೆ ಬಿಟ್ಟು ಹೋಗ್ಬೇಕು, ಅಷ್ಟೆ."

ಸಾಯುವ ವಿದ್ಯೆ ಕೋಶಕ್ಕೆ ಹುಟ್ಟಿನಿಂದಲೇ ಗೊತ್ತು. ಕೆಟ್ಟುಹೋದರೆ ತನ್ನನ್ನು ತಾನೇ ಮುಗಿಸಿಕೊಳ್ಳುತ್ತದೆ. ಆದರೆ 'ಬದುಕು' ಎಂಬ ಸಂಕೇತ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಕೈಬದಲಾಗುತ್ತ ಒಳಗೆ ತಲುಪುತ್ತಿರುವವರೆಗೆ ಆ ಕೆಲಸಕ್ಕೆ ತಡೆ. ಈ ಕ್ಯಾನ್ಸರ್ ಕೋಶಗಳಲ್ಲಿ ಆ ಸಂಕೇತ ನಿಲ್ಲುವುದೇ ಇಲ್ಲ. ಓಲ್ಫಾಳ ಔಷಧ ಅದರ ದಾರಿ ಕಟ್ಟುವಂಥದ್ದು. ಕಟ್ಟುತ್ತಲೂ ಇತ್ತು, ಆರು ಗಂಟೆ ಬಿಟ್ಟು ನೋಡಿದರೆ ಸಂಕೇತ ಪೂರಾ ಮೌನ. ಆದರೂ ಕೋಶಗಳು ಬದುಕಿದ್ದವು.

"ತಪ್ಪು ಔಷಧದ್ದಲ್ಲ ಮಗಳೇ, ನಿನ್ನ ಕೈಯದ್ದು," ಎಂದರು ಓಲ್ಫಾಳ ಮಾರ್ಗದರ್ಶಕ ಪ್ರೊಫೆಸರ್ ನೂರಿ. ಔಷಧ ಕೋಶಗಳನ್ನು ಕೊಲ್ಲುತ್ತದೆ ಎಂದು ಅವರು ಆಗಲೇ ರಬಾತ್‌ನ ಸಮ್ಮೇಳನಕ್ಕೆ ಬರೆದು ಕಳಿಸಿಯಾಗಿತ್ತು, ಕೆಳಗೆ ಓಲ್ಫಾಳ ಹೆಸರನ್ನೂ ಸೇರಿಸಿ.

ಬೇಸಿಗೆಯಲ್ಲಿ ಕೆಲಸ ಬೆಳಿಗ್ಗೆ ಎಂಟರಿಂದ ಎರಡರವರೆಗೆ ಮಾತ್ರ. ಆಮೇಲೆ ಕಾವಲುಗಾರ ಬೀಗದ ಕೈ ಝಣಝಣಿಸುತ್ತ ಬರುತ್ತಿದ್ದ. ಅದಕ್ಕೇ ಎಲ್ಲರೂ ಔಷಧ ಹಾಕಿದ ಆರು ತಾಸಿಗೇ ಸಂಕೇತದ ಪರೀಕ್ಷೆ ಮುಗಿಸುತ್ತಿದ್ದರು. ಒಂದು ಮಧ್ಯಾಹ್ನ ಓಲ್ಫಾಗೆ ಅಷ್ಟೂ ಸಮಯ ಸಿಗಲಿಲ್ಲ. ಔಷಧ ಹಾಕಿದ್ದ ಬಟ್ಟಲುಗಳನ್ನು ಕಾವುಪೆಟ್ಟಿಗೆಯಲ್ಲೇ ಬಿಟ್ಟು, ಕಾವಲುಗಾರನನ್ನು ಶಪಿಸುತ್ತ ಹೊರಬಿದ್ದಳು.

ಮರುದಿನ ಅವನ್ನು ಚೆಲ್ಲಲು ಹೋದಾಗ ಮಬ್ರೂಕಾ ಕೈ ಹಿಡಿದಳು. "ಚೆಲ್ಲೋದು ಯಾವಾಗ ಬೇಕಾದ್ರೂ ಇದ್ದಿದ್ದೇ. ಇಷ್ಟು ಹೊತ್ತಾದ್ಮೇಲೆ ಸಂಕೇತ ಯಾರೂ ನೋಡಿಲ್ಲ, ಒಂದ್ಸಲ ನೋಡು. ಮುಚ್ಚಿದ ದಾರಿ ಒಂದೇ ಅಲ್ವಾ? ಸಂಕೇತ ಒಳಗೆ ಹೋಗೋಕೆ ಇನ್ನೊಂದು ದಾರಿ ಇದೆಯಲ್ಲ, ಅದನ್ನ ಯಾರಾದ್ರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ಆ ಎರಡನೆಯ ದಾರಿಯ ಪ್ರೋಟೀನನ್ನು ಗುರುತಿಸುವ ಪ್ರತಿಕಾಯವೇ ಅವರಲ್ಲಿರಲಿಲ್ಲ. ಮಬ್ರೂಕಾ ಮೇಲಿನ ಮಹಡಿಗೆ ಹೋಗಿ, ಯಾರನ್ನೋ ಕಾಡಿಬೇಡಿ, ಸೀಸೆಯ ತಳದಲ್ಲಿ ಉಳಿದಿದ್ದ ನಾಲ್ಕು ಹನಿ ತಂದಳು.

ಎರಡು ದಿನದ ನಂತರ ಫಿಲ್ಮಿನ ಮೇಲೆ ಫಲಿತಾಂಶ ಮೂಡಿತು. ಮೊದಲ ದಾರಿ ಖಾಲಿ. ಎರಡನೆಯದರಲ್ಲಿ ದಪ್ಪ ಕಪ್ಪು ಗೆರೆ, ಸಂಕೇತ ಹರಿಯುತ್ತಿದೆ ಎಂಬುದರ ಗುರುತು. ಒಂದು ದಾರಿ ಮುಚ್ಚಿದ್ದೇ ತಡ, ಕೋಶಗಳು ರಾತ್ರಿ ಕಳೆಯುವುದರೊಳಗೆ ಇನ್ನೊಂದನ್ನು ತೆರೆದುಕೊಂಡಿದ್ದವು.

ನೂರಿ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಸಮ್ಮೇಳನ ಮುಗೀಲಿ, ಆಮೇಲೆ ನೋಡೋಣ."

"ಹಂಗಾದ್ರೆ ನನ್ನ ಹೆಸರು ತೆಗೀರಿ ಸರ್."

"ನಾಲ್ಕು ಹನಿ ನಂಬ್ಕೊಂಡು ನಂಗೇ ಎದುರು ಮಾತಾಡ್ತೀಯಾ?"

"ನಾಲ್ಕು ತಿಂಗಳು ನನ್ನ ಕೈ ಸರಿಯಿಲ್ಲ ಅಂದ್ರಲ್ಲ, ಅದನ್ನ ನಂಬ್ಕೊಂಡು ಕೂತಿದ್ದೆ. ಇನ್ನಾಗಲ್ಲ."

ಒಂದು ವಾರ ಅವರು ಅವಳೊಡನೆ ಮಾತಾಡಲಿಲ್ಲ. ಎಂಟನೆಯ ದಿನ, ಪ್ರಬಂಧ ಹಿಂದಕ್ಕೆ ಪಡೆದ ಪತ್ರದ ಪ್ರತಿಯನ್ನು ಅವಳ ಮೇಜಿನ ಮೇಲಿಟ್ಟು ಹೋದರು.

ಎರಡನೆಯ ದಾರಿ ಕಟ್ಟುವ ಔಷಧ ಬರಲು ಐದು ತಿಂಗಳು ಹಿಡಿಯಿತು. ಬಂದ ದಿನವೇ ಓಲ್ಫಾ ಎರಡನ್ನೂ ಬೆರೆಸಿ ಹಾಕಿದಳು. ಮೂರನೆಯ ದಿನ ಬೆಳಿಗ್ಗೆ ಕ್ಯಾನ್ಸರ್ ಕೋಶಗಳೆಲ್ಲ ಚೂರಾಗಿ ತೇಲುತ್ತಿದ್ದವು. ಪಕ್ಕದ ಬಟ್ಟಲನ್ನು ಸೂಕ್ಷ್ಮದರ್ಶಕದಡಿ ಸರಿಸಿದಳು. ಅದರಲ್ಲಿದ್ದದ್ದು ಅದೇ ಔಷಧಗಳನ್ನು ಹಾಕಿದ್ದ ಆರೋಗ್ಯವಂತ ಕೋಶಗಳು. ಅವೂ ಸತ್ತಿದ್ದವು.

ಓಲ್ಫಾ ಹಣೆಯನ್ನು ಮೇಜಿಗೆ ಒತ್ತಿ ಕೂತುಬಿಟ್ಟಳು. ಅಳು ಬರಲಿಲ್ಲ, ಹಲ್ಲು ಕಡಿಯುವಂಥ ಸಿಟ್ಟು ಬಂತು.

ಹಿಂದೆ ಬಂದು ನಿಂತ ನೂರಿ ತಾವೂ ಬಗ್ಗಿ ನೋಡಿದರು. ಕುರ್ಚಿ ಎಳೆದು ಅವಳ ಪಕ್ಕ ಕೂತರು.

"ಪ್ರಮಾಣ ಅರ್ಧ ಮಾಡು," ಎಂದರು. "ಗಂಟೆಗಂಟೆಗೂ ನೋಡ್ಬೇಕು, ರಾತ್ರಿನೂ. ಬೀಗದವನ ಹತ್ರ ನಾನು ಮಾತಾಡ್ತೀನಿ."